ದಖನಿ ಕುರಿಯ ಉಣ್ಣೆ ತಂದು ಮನೆಯಲ್ಲೇ ನೂಲು ತೆಗೆಯುವುದು ಹೇಗೆ

ಉಣ್ಣೆ ನೂಲುವುದನ್ನು ಕಲಿಯೋಣ ಅಂತ ವಿಡಿಯೊ ಹುಡುಕಿದರೆ ಸಿಗುವುದೆಲ್ಲ ಬಹುಮಟ್ಟಿಗೆ ಮೆರಿನೊ ಥರದ ಕುರಿಗಳ ಉಣ್ಣೆ. ಬಿಳಿ ಬಣ್ಣ, ಮೆತ್ತಗಿನ ಎಳೆ, ಕೈಗೆ ಮೆತ್ತಿಕೊಳ್ಳುವಷ್ಟು ಜಿಡ್ಡು. ಅದನ್ನೇ ನೋಡಿಕೊಂಡು ಹಾವೇರಿ, ಚಿತ್ರದುರ್ಗ, ಬೆಳಗಾವಿ ಕಡೆಯ ದಖನಿ ಎಂಬ ಕರಿ ಕುರಿಯ ಉಣ್ಣೆಗೆ ಕೈಹಾಕಿದವರು ಬೇಗ ಬೇಸತ್ತುಬಿಡುತ್ತಾರೆ. ನೂಲು ಚುಚ್ಚುತ್ತದೆ, ತುಂಡಾಗುತ್ತದೆ, ಹೆಣೆದ ಶಾಲು ಹೊದೆಯಲು ಆಗುವುದಿಲ್ಲ. ತಪ್ಪು ಉಣ್ಣೆಯದ್ದಲ್ಲ. ದಖನಿ ಕುರಿಯ ಉಣ್ಣೆ ಒರಟು, ಗಿಡ್ಡ, ಜಿಡ್ಡು ಕಡಿಮೆ, ಧೂಳು ಜಾಸ್ತಿ. ಅದನ್ನು ಸಿದ್ಧಮಾಡುವ ಕ್ರಮ ಬೇರೆ, ನೂಲುವ ದಪ್ಪ ಬೇರೆ, ಅದರಿಂದ ಮಾಡುವ ವಸ್ತುಗಳೂ ಬೇರೆ. ಇದನ್ನು ಮೊದಲೇ ಒಪ್ಪಿಕೊಂಡರೆ ಕೆಲಸ ಅರ್ಧ ಹಗುರ.

ಇನ್ನೊಂದು ಮಾತು. ನೂಲುವ ಗಳಿಗೆಗಿಂತ ಅದಕ್ಕೆ ಮುಂಚಿನ ಕೆಲಸವೇ ದೊಡ್ಡದು. ಆರಿಸುವುದು, ತೊಳೆಯುವುದು, ಹಿಂಜುವುದು ಇವು ಸರಿಯಾಗಿ ಆದರೆ ಕದಿರು, ಅಂದರೆ ತಿರುಗಿಸಿ ನೂಲು ತೆಗೆಯುವ ಕಡ್ಡಿ, ತಾನಾಗೇ ಕೈಗೆ ಒಲಿಯುತ್ತದೆ. ಸರಿಯಾಗಿ ಆಗದಿದ್ದರೆ ಎಷ್ಟು ನಿಪುಣರಿಗೂ ಗಂಟುಗಂಟು ನೂಲೇ ಗತಿ. ಅದಕ್ಕೇ ಈ ಲೇಖನದಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉಣ್ಣೆ ಎಲ್ಲಿ, ಯಾರ ಹತ್ತಿರ

ದಖನಿ ತಳಿ ಉತ್ತರ ಮತ್ತು ಮಧ್ಯ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಒಣ ಬಯಲಿನ ಕುರಿ. ಹೆಚ್ಚಿನವು ಕಪ್ಪು, ಕೆಲವು ಬೂದು, ಕಂದು, ಮಚ್ಚೆಯವು. ನಮ್ಮ ಕಂಬಳಿ ಆಗುವುದು ಇದರ ಉಣ್ಣೆಯಿಂದ. ಬಳ್ಳಾರಿ ತಳಿಯ ಉಣ್ಣೆಯೂ ಇದೇ ಜಾತಿಯ ಒರಟು ಉಣ್ಣೆ, ಬಳಸಬಹುದು. ಆದರೆ ಮಂಡ್ಯ, ಮೈಸೂರು ಕಡೆಯ ಬನ್ನೂರು ಕುರಿಯನ್ನು ನಂಬಿ ಕೂರಬೇಡಿ. ಅದು ಮಾಂಸದ ತಳಿ, ಮೈಮೇಲೆ ಇರುವುದು ಗಿಡ್ಡ ಒರಟು ಕೂದಲು. ರಾಯಚೂರು, ಕೊಪ್ಪಳ ಕಡೆಯ ಕೆಂಗುರಿಯದ್ದೂ ಅದೇ ಕಥೆ.

ಚಳ್ಳಕೆರೆ, ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಇವೆಲ್ಲ ಕಂಬಳಿಗೆ ಹೆಸರಾದ ಊರುಗಳು. ಅಲ್ಲಿ ನೇಕಾರರ ಹತ್ತಿರವೇ ವಿಚಾರಿಸಿದರೆ ಉಣ್ಣೆ ಸಿಗುತ್ತದೆ. ಅದಕ್ಕಿಂತ ಸುಲಭ ದಾರಿ ಕುರಿಗಾರರನ್ನು ನೇರ ಕೇಳುವುದು. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರಲ್ಲ, ಆಗ ಹೋಗಿ ಮಾತಾಡಿ. "ಕಾಕಾ, ಈ ಸಲ ಉಣ್ಣಿ ಯಾವಾಗ ಕತ್ತರಸ್ತೀರಿ? ನನಗ ಎರಡು ಕೇಜಿ ಬೇಕ್ರಿ" ಅಂದರೆ ಸಾಕು, ಫೋನ್ ನಂಬರ್ ಕೊಡುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಒರಟು ಉಣ್ಣೆಗೆ ಈಗ ಬೆಲೆ ಇಲ್ಲ. ಕತ್ತರಿಸಿದ ಕೂಲಿಯೂ ಹುಟ್ಟದೆ ಹೊಲದ ಬದುವಿನಲ್ಲೇ ಬಿಟ್ಟು ಹೋಗುವುದುಂಟು. ಹಾಗಂತ ಪುಕ್ಕಟೆ ಕೇಳಬೇಡಿ. ಆರಿಸಿಕೊಟ್ಟ ಒಳ್ಳೆ ಉಣ್ಣೆಗೆ ಒಳ್ಳೆ ದುಡ್ಡು ಕೊಟ್ಟರೆ ಮುಂದಿನ ಸಲ ನಿಮಗಾಗಿ ಎತ್ತಿಡುತ್ತಾರೆ.

ಕೇಳುವಾಗ ಮೂರು ವಿಷಯ ಹೇಳಿ. ಒಂದು, ಕತ್ತರಿಸುವ ಮುಂಚೆ ಕುರಿಗಳನ್ನು ಹಳ್ಳದಲ್ಲೋ ಕೆರೆಯಲ್ಲೋ ಮೈತೊಳೆಸಿ ಒಣಗಿಸಿರಬೇಕು. ಬಹಳ ಜನ ಹೇಗೂ ಹಾಗೇ ಮಾಡುತ್ತಾರೆ. ಎರಡು, ಮರಿಗಳ ಮೊದಲ ಉಣ್ಣೆ ಇದ್ದರೆ ಬೇರೆಯಾಗಿ ಕೊಡಲಿ. ಅದು ಎಲ್ಲಕ್ಕಿಂತ ಮೆತ್ತಗಿನದು. ಮೂರು, ಉಣ್ಣಿ, ಹೇನಿಗೆ ಔಷಧಿ ಹೊಡೆದಿದ್ದರೆ ಯಾವಾಗ ಹೊಡೆದರು ಅಂತ ತಿಳಿದುಕೊಳ್ಳಿ. ಈಚೆಗೆ ಹೊಡೆದಿದ್ದರೆ ಆ ಉಣ್ಣೆ ಬೇಡ.

ಮೊದಲ ಸಲಕ್ಕೆ 1 ಕೆಜಿ ಸಾಕು. ಆರಿಸಿ ತೊಳೆದ ಮೇಲೆ ಅರ್ಧದಿಂದ ಮುಕ್ಕಾಲು ಕೆಜಿ ಉಳಿದರೆ ಒಳ್ಳೆಯ ಉಣ್ಣೆ ಸಿಕ್ಕಿತು ಅಂತ ಅರ್ಥ.

ಮುಟ್ಟುವ ಮುಂಚೆ

ಜೀವಂತ, ಆರೋಗ್ಯವಾಗಿರುವ ಕುರಿಯ ಉಣ್ಣೆ ಮಾತ್ರ ತನ್ನಿ. ಸತ್ತ ಕುರಿಯದ್ದು, ಚರ್ಮದಿಂದ ಕಿತ್ತದ್ದು ಎಷ್ಟು ಚೆನ್ನಾಗಿ ಕಂಡರೂ ಬೇಡ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 19ನೇ ಶತಮಾನದ ಇಂಗ್ಲೆಂಡಿನ ಗಿರಣಿಗಳಲ್ಲಿ ಆಂಥ್ರಾಕ್ಸ್ ಅನ್ನುವ, ಕುರಿ ದನಗಳಿಂದ ಮನುಷ್ಯರಿಗೂ ತಗಲುವ ಕಾಯಿಲೆಯನ್ನು ಉಣ್ಣೆ ವಿಂಗಡಿಸುವವರ ರೋಗ ಅಂತಲೇ ಕರೆಯುತ್ತಿದ್ದರು. ಅದರ ಬೀಜಾಣುಗಳು ವರ್ಷಗಟ್ಟಲೆ ಬದುಕುತ್ತವೆ, ಮನೆಯಲ್ಲಿ ಸೋಪು ನೀರಿಗೆ ಸಾಯುವುದಿಲ್ಲ. ಆ ಸೀಮೆಯಲ್ಲಿ ಈಚೆಗೆ ಕುರಿಗಳು ದಿಢೀರನೆ ಸತ್ತಿದ್ದರೆ ಆ ವರ್ಷ ಅಲ್ಲಿಂದ ತರಲೇಬೇಡಿ.

ಹಸಿ ಉಣ್ಣೆಯನ್ನು ಮನೆಯೊಳಗೆ ಬಿಚ್ಚಬೇಡಿ. ಅಂಗಳವೋ ತಾರಸಿಯೋ ಸರಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಗರ್ಭಿಣಿಯರು ಈ ಹಂತದಿಂದ ದೂರ ಇರುವುದು ಒಳ್ಳೆಯದು, ತೊಳೆದ ಮೇಲೆ ಸೇರಿಕೊಳ್ಳಲಿ. ಕೈಯಲ್ಲಿ ಗಾಯ ಇದ್ದರೆ ಅದು ಮಾಯುವ ತನಕ ಕಾಯಿರಿ. ಆಮೇಲೆ ಚರ್ಮದ ಮೇಲೆ ಕಪ್ಪು ಹುಣ್ಣೋ, ಜ್ವರವೋ ಬಂದರೆ ಡಾಕ್ಟರಿಗೆ ಹಸಿ ಉಣ್ಣೆ ಮುಟ್ಟಿದ್ದನ್ನು ಮರೆಯದೆ ಹೇಳಿ.

ಆರಿಸುವುದು

ಹಳೆ ಸೀರೆಯನ್ನೋ ಚಾಪೆಯನ್ನೋ ಹಾಸಿ ಉಣ್ಣೆ ಹರಡಿ. ಮೊದಲು ಹಿಕ್ಕೆ ಅಂಟಿ ಗಟ್ಟಿಯಾದ ಉಂಡೆಗಳನ್ನು ಕಿತ್ತು ಬಿಸಾಡಿ. ಕುರಿಯ ಬಾಲ, ತೊಡೆ, ಹೊಟ್ಟೆಯ ಕಡೆಯದ್ದು ಒರಟಾಗಿ, ಕೊಳಕಾಗಿ ಇರುತ್ತದೆ. ಭುಜ ಮತ್ತು ಪಕ್ಕೆಯದ್ದು ಮೆತ್ತಗೆ. ಬೇರೆಬೇರೆ ಗುಡ್ಡೆ ಮಾಡಿ. ಹರಿದುಹೋದ ಚಿಕ್ಕಚಿಕ್ಕ ತುಣುಕುಗಳೂ ಇರುತ್ತವೆ, ಕತ್ತರಿ ಒಂದೇ ಕಡೆ ಎರಡು ಸಲ ಆಡಿದಾಗ ಬರುವಂಥವು. ಅವನ್ನು ಈಗಲೇ ತೆಗೆಯಿರಿ. ಬಿಟ್ಟರೆ ನೂಲಿನಲ್ಲಿ ಒಂದೊಂದೂ ಒಂದೊಂದು ಗಂಟಾಗುತ್ತದೆ.

ಆಮೇಲೆ ಮುಳ್ಳು. ನಮ್ಮ ಬಯಲಿನಲ್ಲಿ ಮೇಯುವ ಕುರಿಯ ಮೈಮೇಲೆ ನೆಗ್ಗಿಲು ಮುಳ್ಳು, ಉತ್ತರಾಣಿ ಬೀಜ, ಬಳ್ಳಾರಿ ಜಾಲಿಯ ಮುರುಕು ಎಲ್ಲ ಇರುತ್ತದೆ. ಇವು ನೀರಿಗೆ ಬಿಡುವುದಿಲ್ಲ, ಸೋಪಿಗೂ ಬಿಡುವುದಿಲ್ಲ. ನೆಗ್ಗಿಲನ್ನು ಕೈಯಿಂದಲೇ ತೆಗೆಯಬೇಕು. ಉತ್ತರಾಣಿ ತುಂಬಿಕೊಂಡ ತುಂಡು ಸಿಕ್ಕರೆ ಬಿಡಿಸಲು ಕೂರಬೇಡಿ, ಆ ತುಂಡನ್ನೇ ಬಿಟ್ಟುಬಿಡಿ. ಇದರಲ್ಲಿ ಜಿಪುಣತನ ಮಾಡಿದವರು ಮುಂದೆ ಬೆರಳಿಗೆ ಚುಚ್ಚಿಸಿಕೊಳ್ಳುತ್ತಾರೆ.

ಉಳಿದದ್ದನ್ನು ಹಿಡಿ ಹಿಡಿಯಾಗಿ ಎತ್ತಿ ಜಾಡಿಸಿ. ಎಷ್ಟು ಮಣ್ಣು ಉದುರುತ್ತದೆ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ದೊಡ್ಡ ಕಣ್ಣಿನ ಜರಡಿ ಇದ್ದರೆ ಅದರ ಮೇಲೆ ಹಾಕಿ ಕೋಲಿನಿಂದ ಹಗುರವಾಗಿ ಬಡಿಯಿರಿ. ಒಣಗಿದ್ದಾಗ ಉದುರಿದ ಪ್ರತಿ ಹಿಡಿ ಮಣ್ಣೂ ಒಂದು ಬಕೆಟ್ ನೀರು ಉಳಿಸುತ್ತದೆ.

ತೊಳೆಯುವುದು

ಎಲ್ಲರೂ ಎಡವುವ ಜಾಗ ಇದೇ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿ, ಸೋಪು, ಉಜ್ಜುವಿಕೆ ಮೂರೂ ಒಟ್ಟಿಗೆ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಟ್ಟಿ ಹಾಳೆಯಾಗುತ್ತದೆ. ಮತ್ತೆ ಬಿಡಿಸಲು ಆಗುವುದೇ ಇಲ್ಲ. ದಖನಿ ಉಣ್ಣೆ ಮೆರಿನೊದಷ್ಟು ಬೇಗ ಹೀಗಾಗುವುದಿಲ್ಲ, ಆದರೂ ಬಟ್ಟೆ ಒಗೆದ ಹಾಗೆ ಕುಸುಬಿದರೆ ಕೆಟ್ಟೇ ಕೆಡುತ್ತದೆ. ಹಾಗಾಗಿ ಬಿಸಿ ಇರಲಿ, ಸೋಪು ಇರಲಿ, ಉಜ್ಜುವುದು ಮಾತ್ರ ಬೇಡ. ನೆನೆಯಲು ಬಿಡಿ, ಅಷ್ಟೇ.

ಒಂದು ಸಲಕ್ಕೆ 200ರಿಂದ 250 ಗ್ರಾಂ ತೆಗೆದುಕೊಳ್ಳಿ. ವಾಷಿಂಗ್ ಮಷೀನಿಗೆ ಹಾಕುವ ಬಲೆ ಚೀಲ ಇದಕ್ಕೆ ಹೇಳಿ ಮಾಡಿಸಿದ್ದು. ಈರುಳ್ಳಿ ಬರುವ ಬಲೆ ಚೀಲವೂ ಆಗುತ್ತದೆ. ಸಡಿಲವಾಗಿ ತುಂಬಿ ಬಾಯಿ ಕಟ್ಟಿ.

ಮೊದಲು ತಣ್ಣೀರು. ಬಕೆಟ್ಟಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಕುರಿಯ ಬೆವರಿನ ಉಪ್ಪು ತಣ್ಣೀರಿಗೇ ಕರಗುತ್ತದೆ, ಅದರ ಜೊತೆ ಮಣ್ಣೂ ಬಿಡುತ್ತದೆ. ಬೆಳಿಗ್ಗೆ ನೀರು ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ, ವಾಸನೆಯೂ ಜೋರು. ಆ ನೀರನ್ನು ಬಾಳೆ ಗಿಡಕ್ಕೋ ತೆಂಗಿನ ಬುಡಕ್ಕೋ ಹಾಕಿ. ಬೆವರಿನ ಉಪ್ಪಿನಲ್ಲಿ ಪೊಟ್ಯಾಶ್ ಇರುವುದರಿಂದ ಗಿಡಕ್ಕೆ ಒಳ್ಳೆಯದೇ. ನೀರು ಸುಮಾರಾಗಿ ತಿಳಿಯಾಗುವ ತನಕ ಎರಡು ಮೂರು ಸಲ ನೀರು ಬದಲಿಸಿ. ವಿದೇಶಿ ಪಾಠಗಳಲ್ಲಿ ಈ ಹಂತವನ್ನು ಹಾರಿಸುವವರೂ ಇದ್ದಾರೆ. ನಮ್ಮ ಉಣ್ಣೆಗೆ ಇದೇ ಮುಖ್ಯ, ಯಾಕೆಂದರೆ ಇದರಲ್ಲಿ ಜಿಡ್ಡಿಗಿಂತ ಮಣ್ಣೇ ಜಾಸ್ತಿ.

ಆಮೇಲೆ ಬಿಸಿನೀರು. ಉಣ್ಣೆಯ ಜಿಡ್ಡು 40 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಥರ್ಮಾಮೀಟರ್ ಬೇಕಿಲ್ಲ. ಕುದಿಯುವ ನೀರು ಒಂದು ಪಾಲು, ನಲ್ಲಿ ನೀರು ಒಂದು ಪಾಲು ಸೇರಿಸಿದರೆ ಸುಮಾರು 60 ಡಿಗ್ರಿ ಬರುತ್ತದೆ. 10 ಲೀಟರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬರದ ಹಾಗೆ ಮೆಲ್ಲಗೆ ಕಲಸಿ. ಈಗ ಉಣ್ಣೆಯ ಚೀಲವನ್ನು ಮೇಲಿಟ್ಟು ತಾನಾಗೇ ಮುಳುಗಲು ಬಿಡಿ. ಬೇಕಾದರೆ ಸೌಟಿನಿಂದ ಒಮ್ಮೆ ಒತ್ತಿ. ಉಣ್ಣೆಯ ಮೇಲೆ ನೇರವಾಗಿ ಬಿಸಿನೀರು ಸುರಿಯಬೇಡಿ.

15ರಿಂದ 20 ನಿಮಿಷ ಬಿಟ್ಟು, ನೀರು ಇನ್ನೂ ಕೈ ಸುಡುವ ಹಾಗಿರುವಾಗಲೇ ಎತ್ತಿ. ತಣ್ಣಗಾಗಲು ಬಿಟ್ಟರೆ ಬಿಟ್ಟ ಜಿಡ್ಡು ವಾಪಸ್ ಉಣ್ಣೆಗೇ ಕೂರುತ್ತದೆ. ಒಮ್ಮೆ ಹೀಗೆ ಅಂಟಿದ್ದನ್ನು ಬಿಡಿಸುವುದು ಕಷ್ಟ. ದಖನಿಗೆ ಒಂದು ಸೋಪಿನ ನೀರು ಸಾಕಾಗುತ್ತದೆ. ಕೈಗೆ ಇನ್ನೂ ಅಂಟು ಅನಿಸಿದರೆ ಅದೇ ಬಿಸಿಯಲ್ಲಿ ಇನ್ನೊಂದು ಸಲ. ಆಮೇಲೆ ಸೋಪಿಲ್ಲದ ಬಿಸಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಬೇಡಿ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಉಳಿದ ಸೋಪು ಹೋಗುತ್ತದೆ.

ಯಾವ ಸೋಪು ಅನ್ನುವುದರ ಬಗ್ಗೆ ಎರಡು ಮಾತು. ಬಟ್ಟೆ ಒಗೆಯುವ ಪುಡಿ ಬೇಡ. ಅದರಲ್ಲಿ ಕಲೆ ತೆಗೆಯಲು ಹಾಕುವ ಎಂಜೈಮ್ ಪ್ರೋಟೀನನ್ನು ತಿನ್ನುತ್ತದೆ, ಉಣ್ಣೆಯೂ ಪ್ರೋಟೀನೇ. ಸೋಡಾ ಅಂತೂ ಬೇಡವೇ ಬೇಡ, ಎಳೆ ಪೆಡಸಾಗಿ ಮುರಿಯುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಬಾರ್ ಸೋಪು ಹಾಕಿದರೆ ಬಿಳಿ ಕೆನೆ ಕೂರುತ್ತದೆ. ಅಂಟುವಾಳ ಕಾಯಿ ಕುದಿಸಿ ಬಟ್ಟೆಯಲ್ಲಿ ಸೋಸಿದ ನೀರು ಬಹಳ ಒಳ್ಳೆಯದು. ಸೀಗೇಪುಡಿಯೂ ತೊಳೆಯುತ್ತದೆ, ಆದರೆ ಪುಡಿಯ ಕಣಗಳು ಉಣ್ಣೆಯೊಳಗೆ ಕೂತು ಹಿಂಜುವಾಗ ಕಾಟ ಕೊಡುತ್ತವೆ. ತಲೆಗೆ ಹಾಕಿಕೊಂಡವರಿಗೆ ಗೊತ್ತು.

ಹಿಂಡಬೇಡಿ, ತಿರುಚಬೇಡಿ. ಚೀಲವನ್ನು ಅಂಗೈಯಿಂದ ಒತ್ತಿ ನೀರು ಇಳಿಸಿ. ವಾಷಿಂಗ್ ಮಷೀನಿನಲ್ಲಿ ನೀರು ಬರದೆ ಬರೀ ತಿರುಗುವ ವ್ಯವಸ್ಥೆ ಇದ್ದರೆ ಚೀಲ ಸಮೇತ ಎರಡು ನಿಮಿಷ ತಿರುಗಿಸಬಹುದು. ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ಜರಡಿಯ ಮೇಲೋ ನೂಲಿನ ಮಂಚದ ಮೇಲೋ ಹರಡಿ. ಬಿಸಿಲಿಗೆ ಕಪ್ಪು ಉಣ್ಣೆ ಕಂದು ತಿರುಗುತ್ತದೆ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ, ದಿನಕ್ಕೆ ಎರಡು ಸಲ ಮಗುಚಿ. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಜಾಣತನ. ಮುಗ್ಗಲು ವಾಸನೆ ಹಿಡಿದರೆ ಬಿಡುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಮೆರಿನೊ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಅದರ ತೂಕದಲ್ಲಿ ಅರ್ಧದಷ್ಟು ಜಿಡ್ಡು, ಬೆವರು, ಕೊಳೆಯೇ ಇರಬಹುದು. ನೀರು ಇನ್ನಷ್ಟು ಬಿಸಿ, ಸೋಪು ಇನ್ನಷ್ಟು, ಎರಡು ಮೂರು ಸೋಪಿನ ನೀರು ಬೇಕಾಗುತ್ತದೆ. ಕೈ ಇನ್ನೂ ಹಗುರ ಇರಬೇಕು.

ಹಿಂಜಿ ಹಂಜಿ ಮಾಡುವುದು

ಒಣಗಿದ ಉಣ್ಣೆಯಿಂದ ಒಂದೊಂದು ಎಸಳು ತೆಗೆದು ಎರಡೂ ಕೈಯಿಂದ ಬಿಡಿಸಿ, ಮೋಡದ ಹಾಗೆ ಹಗುರ ಆಗುವ ತನಕ. ಉಳಿದ ಹೊಟ್ಟು, ಮಣ್ಣು ಈಗ ಮಡಿಲಿಗೆ ಉದುರುತ್ತದೆ. ಹಳೆ ಟವೆಲ್ ಹಾಕಿಕೊಂಡು ಕೂರಿ. ಮನೆಯ ಎಲ್ಲರನ್ನೂ ಸೇರಿಸಿಕೊಂಡು ಮಾತಾಡುತ್ತಾ ಮಾಡುವ ಕೆಲಸ ಇದು, ಒಬ್ಬರೇ ಕೂತರೆ ಬೇಜಾರು.

ಕಂಬಳಿ ನೇಯುವ ಕಡೆ ಬಿಲ್ಲಿನ ಹೆದೆ ಮೀಟಿ ಉಣ್ಣೆ ಹಿಂಜುವ ಪದ್ಧತಿ ಇತ್ತು. ಹೆದೆಯ ಅದುರಿಗೆ ಎಳೆಗಳು ಬಿಡಿಬಿಡಿಯಾಗಿ ಧೂಳು ಕೆಳಗೆ ಬೀಳುತ್ತದೆ. ಮನೆಯ ಹವ್ಯಾಸಕ್ಕೆ ಅದು ಬೇಕಿಲ್ಲ. ಸಣ್ಣ ತಂತಿ ಹಲ್ಲುಗಳ ಒಂದು ಜೊತೆ ಕಾರ್ಡಿಂಗ್ ಹಲಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ದುಬಾರಿ ಅನಿಸಿದರೆ ಸಾಕುಪ್ರಾಣಿ ಅಂಗಡಿಗೆ ಹೋಗಿ ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಎರಡು ತನ್ನಿ. ಅಗಲ ಕಡಿಮೆ ಅನ್ನುವುದು ಬಿಟ್ಟರೆ ಕೆಲಸ ಒಂದೇ.

ಎಡಗೈ ಬ್ರಷ್ಷಿನ ಹಲ್ಲು ಮೇಲೆ ಬರುವ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ತೆಳ್ಳಗೆ ಉಣ್ಣೆ ಹರಡಿ. ಹಲ್ಲು ಕಾಣಿಸುತ್ತಿರಬೇಕು, ಅಷ್ಟು ತೆಳು. ಬಲಗೈ ಬ್ರಷ್ಷಿನಿಂದ ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಒಳಗೆ ಬಾಚುತ್ತಾ ಬನ್ನಿ. ಹಲ್ಲಿಗೆ ಹಲ್ಲು ಗರ ಗರ ಉಜ್ಜಬಾರದು. ಉಜ್ಜಿದರೆ ಎಳೆ ತುಂಡಾಗುತ್ತದೆ. ನಾಲ್ಕೈದು ಬಾಚಿಗೆ ಬಹುಪಾಲು ಉಣ್ಣೆ ಬಲಗೈ ಬ್ರಷ್ಷಿಗೆ ಹೋಗಿರುತ್ತದೆ. ಮತ್ತೆ ಎಡಕ್ಕೆ ದಾಟಿಸಿ ಇನ್ನೊಮ್ಮೆ. ಸಾಕು. ಅತಿಯಾಗಿ ಬಾಚಿದರೆ ಸಣ್ಣ ಗುಳ್ಳೆಗಳು ಏಳುತ್ತವೆ.

ಈಗ ಪದರವನ್ನು ಹಲ್ಲಿನಿಂದ ಎತ್ತಿ, ಒಂದು ಪೆನ್ಸಿಲಿಗೆ ಸಡಿಲವಾಗಿ ಸುತ್ತಿ ಪೆನ್ಸಿಲ್ ಎಳೆದುಬಿಡಿ. ಬೆರಳು ಗಾತ್ರದ ಹಂಜಿ ಸಿದ್ಧ. ಹತ್ತಿಯ ಹಂಜಿ ನೋಡಿದ್ದರೆ ಇದು ಅದರ ದೊಡ್ಡಣ್ಣ. ಇದನ್ನು ಒತ್ತದ ಹಾಗೆ ಬುಟ್ಟಿಯಲ್ಲಿ ಜೋಡಿಸಿಡಿ. ಚಳಿಗಾಲದ ಒಣ ಹವೆಗೆ ಎಳೆಗಳು ಸಿಡಿದು ಹಾರಾಡಿದರೆ ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಬಾಚಿ. ಕೊನೆಯಲ್ಲಿ ನೂಲು ತೊಳೆಯುವಾಗ ಅದು ಹೋಗುತ್ತದೆ.

ಕದಿರು

ಅಜ್ಜನ ಕಾಲದ ಹಿತ್ತಾಳೆ ತಕಲಿ ಮನೆಯಲ್ಲಿದೆ, ಅದರಲ್ಲೇ ನೂಲಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ತಕಲಿ ಹತ್ತಿಯ ಸಣ್ಣ ನೂಲಿಗೆ ಮಾಡಿದ್ದು. ಹಗುರ, ಬಲು ಜೋರಾಗಿ ತಿರುಗುತ್ತದೆ. ಒರಟು ಉಣ್ಣೆಗೆ ಅಷ್ಟು ಹುರಿ, ಅಂದರೆ ತಿರುಚು, ಹಾಕಿದರೆ ನೂಲು ತಂತಿಯಾಗುತ್ತದೆ. ಪೆಟ್ಟಿಗೆ ಚರಕದ್ದೂ ಅದೇ ತೊಂದರೆ. ನಮಗೆ ಬೇಕಿರುವುದು 50 ಗ್ರಾಂ ಆಸುಪಾಸಿನ, ನಿಧಾನವಾಗಿ ಬಹಳ ಹೊತ್ತು ತಿರುಗುವ ಕದಿರು.

ಮನೆಯಲ್ಲೇ ಮಾಡಿಕೊಳ್ಳಿ. 30 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪದ ನೇರ ಮರದ ಕಡ್ಡಿ. 7 ಸೆಂಟಿಮೀಟರ್ ಅಗಲದ, ನಡುವೆ ತೂತಿರುವ ಮರದ ಬಿಲ್ಲೆ. ಚನ್ನಪಟ್ಟಣದ ಗೊಂಬೆ ಗಾಡಿಯ ಚಕ್ರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಯಾಕೆಂದರೆ ಕಡಚಲು ಯಂತ್ರದ ಮೇಲೆ ತಿರುಗಿಸಿ ಮಾಡಿದ್ದಾದ್ದರಿಂದ ನಡು ಸರಿಯಾಗಿರುತ್ತದೆ. ಬಿಲ್ಲೆಯನ್ನು ಕಡ್ಡಿಯ ಮೇಲ್ತುದಿಯಿಂದ ಎರಡು ಬೆರಳು ಕೆಳಗೆ ಬಿಗಿಯಾಗಿ ಕೂರಿಸಿ. ಸಡಿಲ ಇದ್ದರೆ ಕಡ್ಡಿಗೆ ದಾರ ಸುತ್ತಿ ಕೂರಿಸಿ. ಮೇಲ್ತುದಿಯ ನಡುಮಧ್ಯಕ್ಕೆ ಹಾರ್ಡ್‌ವೇರ್ ಅಂಗಡಿಯ ಸಣ್ಣ ತಿರುಪಿನ ಕೊಕ್ಕೆ. ತಿರುಗಿಸಿ ನೋಡಿ, ತುಯ್ದಾಡಿದರೆ ಕೊಕ್ಕೆ ನಡುವಿಗೆ ಬರುವ ಹಾಗೆ ಬಗ್ಗಿಸಿ.

ನೂಲುವುದು

ಅಂಗಡಿಯ ಉಣ್ಣೆ ದಾರ ಒಂದು ಮೊಳ ತೆಗೆದುಕೊಂಡು ಕಡ್ಡಿಗೆ, ಬಿಲ್ಲೆಯ ಕೆಳಗೆ ಕಟ್ಟಿ. ಬಿಲ್ಲೆಯ ಅಂಚಿನ ಮೇಲಿಂದ ತಂದು ಕೊಕ್ಕೆಗೆ ಸಿಕ್ಕಿಸಿ. ಇದು ಹಿಡಿಕೆ ದಾರ.

ಮೊದಮೊದಲು ಕದಿರನ್ನು ತೂಗುಬಿಡಬೇಡಿ. ಕುರ್ಚಿಯಲ್ಲಿ ಕೂತು ತಿರುಗಿಸಿ, ನಿಲ್ಲಿಸಿ, ಎಳೆಯಿರಿ. ಹೀಗೆ: ಹಿಡಿಕೆ ದಾರದ ತುದಿಯನ್ನು ಬಿಡಿಸಿ, ಹಂಜಿಯ ತುದಿಯ ಎಳೆಗಳ ಮೇಲೆ ನಾಲ್ಕು ಬೆರಳು ಅಗಲದಷ್ಟು ಒಂದರ ಮೇಲೊಂದು ಇಟ್ಟು ಎಡಗೈಯಲ್ಲಿ ಚಿವುಟಿ ಹಿಡಿಯಿರಿ. ಬಲಗೈಯಲ್ಲಿ ಕದಿರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ದಾರಕ್ಕೆ ಹುರಿ ತುಂಬಿಕೊಂಡಾಗ ಕದಿರನ್ನು ಎರಡೂ ಮಂಡಿಗಳ ನಡುವೆ ಸಿಕ್ಕಿಸಿ ನಿಲ್ಲಿಸಿ. ಈಗ ಬಲಗೈ ಖಾಲಿ. ಎಡಗೈ ಚಿವುಟಿದ ಜಾಗಕ್ಕೆ ಬಲಗೈ ಬರಲಿ, ಎಡಗೈ ಹಂಜಿಯನ್ನು ಸಡಿಲವಾಗಿ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯಲಿ. ಎಳೆಗಳು ಜಾರಿ ಉದ್ದವಾಗುತ್ತವೆ. ಬಲಗೈಯ ಚಿವುಟನ್ನು ಬಿಡದೆ ಹಂಜಿಯ ಕಡೆಗೆ ಜಾರಿಸಿ. ಅದರ ಹಿಂದೆಯೇ ಹುರಿ ಓಡಿ ಬರುತ್ತದೆ, ನೋಡನೋಡುತ್ತಿದ್ದಂತೆ ಎಳೆಗಳು ನೂಲಾಗುತ್ತವೆ.

ನೆನಪಿಡಬೇಕಾದದ್ದು ಒಂದೇ. ಹುರಿ ಚಿವುಟು ದಾಟಿ ಹಂಜಿಯೊಳಗೆ ಹೋಗಬಾರದು. ಹೋದರೆ ಹಂಜಿ ಬೀಗ ಹಾಕಿದಂತಾಗಿ ಎಳೆ ಜಾರುವುದಿಲ್ಲ. ಹಾಗಾದಾಗ ಜೋರಾಗಿ ಎಳೆಯಬೇಡಿ. ಎರಡೂ ಕೈಗಳನ್ನು ಸ್ವಲ್ಪ ದೂರ ಮಾಡಿ, ಹುರಿಯನ್ನು ಹಿಂದಕ್ಕೆ ಬಿಚ್ಚಿ, ಆಮೇಲೆ ಎಳೆಯಿರಿ.

ಎರಡು ಕೈಗಳ ನಡುವೆ ಎಷ್ಟು ಅಂತರ? ನಿಮ್ಮ ಉಣ್ಣೆಯ ಒಂದು ಎಳೆ ತೆಗೆದು ಅಳೆಯಿರಿ. ಅದಕ್ಕಿಂತ ಸ್ವಲ್ಪವೇ ಜಾಸ್ತಿ ಅಂತರ ಇರಬೇಕು. ವರ್ಷಕ್ಕೆ ಎರಡು ಸಲ ಕತ್ತರಿಸುವ ಉಣ್ಣೆ ಗಿಡ್ಡ ಇರುತ್ತದೆ, ಹಾಗಾಗಿ ಕೈಗಳು ಹತ್ತಿರ ಹತ್ತಿರ. ವಿಡಿಯೊದಲ್ಲಿ ಗೇಣುದ್ದ ಎಳೆಯುವುದನ್ನು ನೋಡಿ ಹಾಗೇ ಮಾಡಲು ಹೋದರೆ ನೂಲು ಕೈಗೇ ಬಂದುಬಿಡುತ್ತದೆ.

ಒಂದು ಮಾರು ಆದ ಮೇಲೆ ಕೊಕ್ಕೆಯಿಂದ ಬಿಡಿಸಿ ಬಿಲ್ಲೆಯ ಕೆಳಗೆ ಸುತ್ತಿ, ಮತ್ತೆ ಕೊಕ್ಕೆಗೆ ಹಾಕಿ ಮುಂದುವರಿಸಿ. ಹಂಜಿ ಮುಗಿಯುತ್ತಾ ಬಂದಾಗ ತುದಿಯಲ್ಲಿ ಸ್ವಲ್ಪ ಎಳೆ ಹುರಿಯಿಲ್ಲದೆ ಉಳಿಸಿ, ಹೊಸ ಹಂಜಿಯ ಎಳೆಯನ್ನು ಅದರ ಮೇಲಿಟ್ಟು ಹುರಿ ಬಿಡಿ. ಗಂಟು ಹಾಕಬೇಡಿ. ಕೈ ಪಳಗಿದ ಮೇಲೆ ನಿಂತುಕೊಂಡು ಕದಿರು ತೂಗುಬಿಟ್ಟು ನೂಲಬಹುದು. ಅಲ್ಲಿಯ ತನಕ ಬಿದ್ದ ಕದಿರನ್ನು ಎತ್ತುವುದರಲ್ಲೇ ಹೊತ್ತು ಹೋಗುತ್ತದೆ.

ನೂಲು ಎಳೆಯೆಳೆಯಾಗಿ ಬಿಟ್ಟುಕೊಂಡು ತುಂಡಾದರೆ ಹುರಿ ಸಾಲದು. ಸಡಿಲ ಬಿಟ್ಟ ಕೂಡಲೇ ಹಂದಿ ಬಾಲದ ಹಾಗೆ ಸುರುಳಿ ಸುತ್ತಿ ಗಟ್ಟಿಯಾದರೆ ಹುರಿ ಅತಿಯಾಯಿತು. ದಖನಿಗೆ ಹುರಿ ಕಡಿಮೆಯೇ ಚೆಂದ. ದಪ್ಪ ಎಷ್ಟು ಅಂದರೆ, ಸ್ಕೇಲಿನ ಮೇಲೆ ಒಂದು ಇಂಚಿಗೆ 8ರಿಂದ 10 ಸುತ್ತು ಒತ್ತೊತ್ತಾಗಿ ಕೂತರೆ ಸರಿ. ಸಣ್ಣ ನೂಲು ತೆಗೆಯುವ ಹಟ ಬೇಡ. ದಪ್ಪ, ಸಡಿಲ ನೂಲಿನಲ್ಲೇ ಈ ಉಣ್ಣೆಯ ಅಂದ ಇರುವುದು.

ಎರಡೆಳೆ ಮಾಡಿ ಮುಗಿಸುವುದು

ಒಂಟಿ ಎಳೆಯಲ್ಲಿ ಹೆಣೆದರೆ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ಎರಡು ಎಳೆ ಸೇರಿಸಿ ವಿರುದ್ಧ ದಿಕ್ಕಿಗೆ ಹುರಿ ಹಾಕಿದರೆ ನೂಲು ಸಮ ಆಗುತ್ತದೆ, ಬಲವೂ ಬರುತ್ತದೆ. ಎರಡು ಉಂಡೆಗಳನ್ನು ಎರಡು ಚೊಂಬಿನಲ್ಲಿ ಹಾಕಿ ನೆಲದ ಮೇಲಿಡಿ. ಎರಡರ ತುದಿಯನ್ನೂ ಹಿಡಿಕೆ ದಾರಕ್ಕೆ ಕಟ್ಟಿ ಕದಿರನ್ನು ಈ ಸಲ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಎರಡೂ ಎಳೆಗಳ ಬಿಗಿ ಒಂದೇ ಸಮ ಇರಲಿ, ನಡುವೆ ಒಂದು ಬೆರಳು ಇಟ್ಟುಕೊಂಡರೆ ಸಿಕ್ಕಾಗುವುದಿಲ್ಲ. ಇದು ಬೇಗ ಆಗುವ ಕೆಲಸ. ಸ್ವಲ್ಪ ನೂಲನ್ನು ಮಾಲೆಯ ಹಾಗೆ ಇಳಿಬಿಟ್ಟು ನೋಡಿ. ಸುತ್ತಿಕೊಳ್ಳದೆ ನೇರ ನಿಂತರೆ ಸಮ.

ಮುಗಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ. ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಟವೆಲಿನಲ್ಲಿ ಒತ್ತಿ. ಎರಡೂ ಕೈಯಿಂದ ಲಡಿಯನ್ನು ಹಿಡಿದು ಫಟ್ ಅಂತ ನಾಲ್ಕೈದು ಸಲ ಜಗ್ಗಿ ನೆರಳಿಗೆ ತೂಗುಹಾಕಿ. ಉಬ್ಬಿ, ದುಂಡಗಾಗಿ, ಬೇರೆಯೇ ನೂಲಾಗಿ ಕಾಣುತ್ತದೆ.

ಏನು ಮಾಡಬಹುದು

ಮೈಗೆ ತಾಗುವ ಸ್ವೆಟರ್, ಮಫ್ಲರ್ ಬೇಡ. ಕಂಬಳಿಯಲ್ಲಿ ಕೂತು ಉಂಡು ಕೂದಲು ಅಂದರೆ ಹೇಗೆ ಅಂತಾರಲ್ಲ, ಹಾಗೆ ಈ ಉಣ್ಣೆಯಲ್ಲಿ ಮೆತ್ತನೆ ಹುಡುಕಬಾರದು. ಕೂರುವ ಆಸನ, ಕಾಲೊರೆಸು, ಹೆಗಲ ಚೀಲ, ಚೀಲದ ಪಟ್ಟಿ, ಬಿಸಿ ಪಾತ್ರೆಯ ಕೆಳಗಿನ ಮಣೆಬಟ್ಟೆ ಇವಕ್ಕೆ ಇದನ್ನು ಮೀರಿದ್ದಿಲ್ಲ. ಬಲು ಬಾಳಿಕೆ. 45 ಸೆಂಟಿಮೀಟರ್ ಚೌಕದ ದಪ್ಪ ಆಸನಕ್ಕೆ 300ರಿಂದ 400 ಗ್ರಾಂ ನೂಲು ಹಿಡಿಯುತ್ತದೆ. ದಪ್ಪ ಕ್ರೋಶಾ ಕಡ್ಡಿಯಲ್ಲಿ ಹೆಣೆಯಬಹುದು, ಇಲ್ಲವೇ ಹಳೆ ಫೋಟೊ ಚೌಕಟ್ಟಿಗೆ ಮೊಳೆ ಹೊಡೆದು ನೇಯಬಹುದು. ನೇಯುವವರಿಗೆ ಒಂದು ಗುಟ್ಟು: ಮಗ್ಗದ ಉದ್ದಕ್ಕೆ ಕಟ್ಟುವ ಹಾಸಿನ ನೂಲು ಉಜ್ಜಿ ಬಿಟ್ಟುಕೊಳ್ಳದ ಹಾಗೆ ಕಂಬಳಿ ನೇಕಾರರು ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದರೆ ಆಯಿತು. ಬಿಗಿಯಾದ ಕಂಬಳಿ ಮಳೆಯಲ್ಲಿ ಬೇಗ ನೆನೆಯದಿರುವುದರಲ್ಲಿ ಆ ಗಂಜಿಯ ಪಾಲೂ ಇದೆ.

ಮೊದಲ ಕದಿರಿನ ಉಬ್ಬುತಗ್ಗು ನೂಲನ್ನೂ ಬಿಸಾಡಬೇಡಿ, ಕಾಲೊರೆಸಿಗೆ ಅದೇ ಚೆನ್ನ. ಬಣ್ಣ ಹಾಕುವ ಆಸೆ ಇದ್ದರೆ ಬೂದು, ಬಿಳಿ ಉಣ್ಣೆ ಆರಿಸಿಕೊಳ್ಳಿ. ಪಟಿಕದ ನೀರಿನಲ್ಲಿ ನೆನೆಸಿ ಈರುಳ್ಳಿ ಸಿಪ್ಪೆಯ ಜೊತೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಚಿನ್ನದ ಕಂದು ಬರುತ್ತದೆ. ಕಪ್ಪಿಗೆ ಯಾವ ಬಣ್ಣವೂ ಕಾಣುವುದಿಲ್ಲ, ಬೇಕಾಗಿಯೂ ಇಲ್ಲ ಬಿಡಿ.

ತೊಳೆಯದ ಉಣ್ಣೆಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ನುಸಿಗೆ ಕೊಳೆ ಉಣ್ಣೆ ಅಂದರೆ ಹಬ್ಬದೂಟ, ಅಲ್ಲಿಂದ ಬೀರುವಿನ ರೇಷ್ಮೆ ಸೀರೆಗೂ ದಾಟುತ್ತದೆ. ತೊಳೆದದ್ದು, ನೂಲಿದ್ದು ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬೇವಿನೆಲೆ ಹಾಕಿ, ಆದರೆ ಅದನ್ನೊಂದೇ ನಂಬಬೇಡಿ. ತಿಂಗಳಿಗೊಮ್ಮೆ ತೆಗೆದು ಜಾಡಿಸಿ ನೋಡುವುದೇ ಗಟ್ಟಿ ಉಪಾಯ. ಆರಿಸುವಾಗ ಬಿಟ್ಟ ಕೊಳಕು ತುಂಡುಗಳನ್ನು ಗಿಡದ ಬುಡಕ್ಕೆ ಹಾಕಿ ಮೇಲೆ ಮಣ್ಣು ಮುಚ್ಚಿ. ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತದೆ, ಬೇಸಿಗೆಯಲ್ಲಿ ತೇವವನ್ನೂ ಹಿಡಿದಿಡುತ್ತದೆ.